‘ಹೋದೆ’ ಎನ್ನಲು ಹೋಗಿದ್ದು

ಕಟ್ಟೆಮಳಲವಾಡಿ

ಈ ಸಲ ನಾನು ಹೊರದೇಶಕ್ಕೆ ಹೋದದ್ದು ಒಂದೇ ಒಂದು ಮಾತು ಹೇಳುವುದಕ್ಕೆ. ಆ ಮಾತನ್ನು ಹೋದ ವರ್ಷವೇ ಹೇಳಿ ಬಂದಿದ್ದೇನೆಂದು ನಾನು ನಂಬಿಕೊಂಡಿದ್ದೆ. ನಂಬಿದವನು ನಾನೊಬ್ಬನೇ ಎಂಬುದು ಆಮೇಲೆ ತಿಳಿಯಿತು.

ಆಫ್ರಿಕಾದ ಮಲಾವಿ ದೇಶದಲ್ಲಿ ಕಸುಂಗು ಎಂದೊಂದು ಊರಿದೆ. ನಮ್ಮ ಹುಣಸೂರಿನಂತೆ ಅದೂ ಹೊಗೆಸೊಪ್ಪಿನ ಊರು. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಯಾವ ಕೆಲಸದಲ್ಲೂ ಕಾಲೂರದೆ ಅಲೆಯುತ್ತಿದ್ದ ನನ್ನನ್ನು ಅಲ್ಲಿಯ ಸೊಪ್ಪಿನ ಕಂಪನಿಯೊಂದು ಎಲೆಗಳ ದರ್ಜೆ ನೋಡಲು ಕರೆಸಿಕೊಂಡಿತು. ಎರಡು ವರ್ಷಕ್ಕೆಂದು ಹೋದವನು ಒಂಬತ್ತು ವರ್ಷ ಉಳಿದುಬಿಟ್ಟೆ. ಹೋದ ವರ್ಷ ಆ ಕೆಲಸ ಬಿಟ್ಟು, ಅವ್ವನ ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಬಂದೆ. ಪಟ್ಟಿ ಬಿಚ್ಚಿದ ಮೇಲೆ ಅವ್ವನಿಗೆ ಮೊದಲು ಸ್ಪಷ್ಟವಾಗಿ ಕಂಡದ್ದು ನನ್ನ ನರೆತ ತಲೆ. ಅಲ್ಲಿಂದ ಹೆಣ್ಣು ನೋಡುವ ಕೆಲಸ ಶುರುವಾಯಿತು.

ಸಾಲಿಗ್ರಾಮದ ಸವಿತಾ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಒದೆಯುವ ಎಮ್ಮೆಯನ್ನೂ ಸುಳ್ಳು ಹೇಳುವ ಗಂಡಸನ್ನೂ ಒಂದೇ ಮುಖದಿಂದ ನೋಡುತ್ತಾಳೆ. ಮದುವೆಯಾದ ಮೇಲೆ ನಾನೇ ಅವಳ ಮನೆಗೆ ಹೋಗಿ ಇರುವುದು, ಹಿತ್ತಿಲಿನಲ್ಲಿ ಸಸಿಗಳ ನರ್ಸರಿ ಮಾಡುವುದು ಎಂದು ಮಾತಾಗಿತ್ತು. ಅರಳಿಕಟ್ಟೆಯ ಮೇಲೆ ಕೂತವರು ಆಗಲೇ ನನ್ನನ್ನು ‘ಮನೆಯಳಿಯ’ ಎಂದು ಕೂಗತೊಡಗಿದ್ದರು. ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಒಂದು ಸಂಜೆ ಸವಿತಾಳ ಎದುರಿಗೇ ನನ್ನ ಫೋನು ಕಿಣಿಗುಟ್ಟಿ, ಇಂಗ್ಲಿಷಿನಲ್ಲೊಂದು ಮೆಸೇಜು ಬಂತು. ‘ಮನೆ ಗುಡಿಸಿಟ್ಟಿದ್ದೇನೆ. ಯಾವಾಗ ಬರುತ್ತೀ?’

“ಯಾರಿದು?” ಅಂದಳು.

“ಫಿರಿ ಅಂತ. ಕಸುಂಗುನಲ್ಲಿ ನನ್ನ ಮನೆ ಓನರು.”

“ನೀವು ವಾಪಸ್ ಬರಲ್ಲ ಅಂತ ಅವ್ರಿಗೆ ಹೇಳಿಲ್ವಾ?”

“ಹೇಳೇ ಬಂದಿದ್ದೀನಿ.”

“ಹೇಳಿದ್ರೆ ಯಾರ್ರೀ ಗುಡಿಸ್ತಾರೆ?”

ಅವಳ ಮುಂದೆಯೇ ಫಿರಿಯವರಿಗೆ ಫೋನು ಮಾಡಿ, ನಾನಿನ್ನು ಬರುವುದಿಲ್ಲ ಅಂದೆ. ಅವರು ಸಾವಧಾನವಾಗಿ ಕೇಳಿಸಿಕೊಂಡು, “ಸರಿ ತಮ್ಮ, ಬಂದಾಗ ಹೇಳು” ಎಂದು ಇಟ್ಟುಬಿಟ್ಟರು. ಬರುವುದಿಲ್ಲ ಎಂದು ಹೇಳಲು ಬರಬೇಕು! ತರ್ಕಶಾಸ್ತ್ರದ ಯಾವ ಪುಸ್ತಕದಲ್ಲೂ ಇಂಥ ಕಟ್ಟಳೆಯನ್ನು ನಾನು ಓದಿರಲಿಲ್ಲ.

ಸವಿತಾ ನಗಲಿಲ್ಲ. “ನೋಡಿ, ಅಲ್ಲೊಂದು ಮನೆಗೆ ಬೀಗ ಹಾಕಿ ಇಲ್ಲೊಂದು ಮನೆಗೆ ಬರೋದು ಬೇಡ. ಹೋಗಿ ಮುಗಿಸ್ಕೊಂಡು ಬನ್ನಿ. ಆಮೇಲೆ ದಿನ ಗೊತ್ತು ಮಾಡೋಣ. ಮುಗಿಸೋಕಾಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ನಾನೇನು ಗುಡಿಸ್ಕೊಂಡು ಕಾಯಲ್ಲ.”

ನಾನೊಬ್ಬನೇ ಹೋದರೆ ಇನ್ನೊಂದು ಒಂಬತ್ತು ವರ್ಷ ಎಂದು ಮನೆಯವರೆಲ್ಲ ಹೆದರಿ, ಕಂಪಲಾಪುರಕ್ಕೆ ಕೊಟ್ಟಿದ್ದ ನನ್ನ ಅಕ್ಕ ಜಯಮ್ಮನನ್ನು ಕಾವಲಿಗೆ ಕಟ್ಟಿದರು. ದುಬೈನಲ್ಲಿರುವ ಮಗಳ ಬಾಣಂತನಕ್ಕೆಂದು ಅಕ್ಕ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಳು. ‘ಎಲ್ಲಾರ ಉಂಟಾ, ಎಣ್ಮಕ್ಳು ತವರಲ್ಲಿ ತಾನೇ ಎರೋದು’ ಎಂದು ಕೊನೆಗೆ ಮಗಳನ್ನೇ ಕರೆಸಿಕೊಂಡದ್ದರಿಂದ ಅದು ಅಚ್ಚುಕಟ್ಟಾಗಿ ಖಾಲಿ ಉಳಿದಿತ್ತು.

ಆಡಿಸ್ ಅಬಾಬಾ

ಇಲ್ಲಿ ವಿಮಾನ ಬದಲಿಸಬೇಕು. ತಪಾಸಣೆಯವನು ಅಕ್ಕನ ಕೈಚೀಲದಿಂದ ರಾಗಿಹಿಟ್ಟಿನ ಗಂಟು ಹೊರಗೆ ತೆಗೆದು ಇದೇನು ಎಂಬಂತೆ ಹುಬ್ಬು ಹಾರಿಸಿದ. ನಾನು ಇಂಗ್ಲಿಷಿನಲ್ಲಿ ಶಾಸ್ತ್ರೋಕ್ತವಾಗಿ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಗಾಳಿಯಲ್ಲೇ ಒಂದು ಮುದ್ದೆ ಕಟ್ಟಿ, ಗಾಳಿಯಲ್ಲೇ ಸಾರಿಗೆ ಅದ್ದಿ, ಗುಳುಂ ಎಂದು ನುಂಗಿ ತೋರಿಸಿದಳು. ಅವನು ಹಿಟ್ಟನ್ನು ಮೂಸಿ ನೋಡಿ, ಮುಖ ಅರಳಿಸಿ “ತೆಫ್!” ಅಂದ. ಅದು ಅವರ ದೇಶದ ಧಾನ್ಯದ ಹೆಸರು.

“ತೆಪ್ಪ ಅಲ್ಲ ಕಣಪ್ಪೋ, ರಾಗಿ!” ಅಂದಳು ಅಕ್ಕ.

ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಗೆದ್ದ ಸಂತೋಷದಲ್ಲಿ ಬೇರೆಯಾದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೆ ಜಗತ್ತು ಎಷ್ಟು ಸುಲಭವಾಗಿ ನಡೆಯುತ್ತದೆ ಅನ್ನಿಸಿತು. ಅರ್ಧ ತಿಳಿದವರಿಂದಲೇ ತೊಂದರೆ. ಉದಾಹರಣೆಗೆ, ನಾನು.

ಲಿಲೊಂಗ್ವೆ

ರಾಜಧಾನಿಯಿಂದ ಕಸುಂಗುವಿಗೆ ಮಿನಿಬಸ್ಸು. ಹುಣಸೂರಿನ ಬಸ್‌ಸ್ಟ್ಯಾಂಡಿನ ಹೊರಗೆ ನಿಲ್ಲುವ ಟೆಂಪೋಗಳ ಹಾಗೆ, ಈಗ ಹೊರಟೆ ಈಗ ಹೊರಟೆ ಎಂದು ಗುರುಗುಟ್ಟುತ್ತಲೇ ನಿಂತಿರುತ್ತದೆ. ಕೊನೆಯ ಸೀಟಿಗೆ ಕೊನೆಯ ಮನುಷ್ಯ ಬಂದು, ಅವನ ಮೇಲೆ ಇನ್ನೊಬ್ಬ ಕೂತ ಮೇಲೆಯೇ ಹೊರಡುವುದು. ಅಕ್ಕನ ಪಕ್ಕದ ಹೆಂಗಸಿನ ಮಡಿಲಲ್ಲಿ ಒಂದು ಹುಂಜ ಕೂತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದು ಅಕ್ಕನ ಮಡಿಲಿಗೆ ಬಂದಿತ್ತು. ಯಾರು ಯಾರಿಗೆ ಏನು ಹೇಳಿದರೋ ನಾನು ಕಾಣೆ.

ದಾರಿಯಲ್ಲಿ ಒಬ್ಬ ಮುದುಕ ಇಳಿಯಲು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ “ನ್ಡಪಿತಾ” ಅಂದ. ಬಸ್ಸಿನವರೆಲ್ಲ ತಲೆದೂಗಿದರು.

“ಏನಂದ್ನ್ಲಾ ತಾತ?”

“‘ಹೋದೆ’ ಅಂದ ಕಣಕ್ಕ. ಇಲ್ಲಿ ಹೊರಡೋವಾಗ ಎಲ್ಲರೂ ಹಾಗೇ ಅನ್ನೋದು.”

ಅಕ್ಕ ಬೆಚ್ಚಿಬಿದ್ದಳು. ಹುಂಜವೂ ಬೆಚ್ಚಿಬಿತ್ತು. “ಥೂ ಥೂ! ಕಣ್ಮುಂದೆ ನಿಂತ್ಕಂಡೇ ಓದೆ ಅಂತಾರಾ? ಓಗೋದು ಅಂದ್ರೆ ಏನ್ಲಾ, ಮೇಲಕ್ಕೋಗೋದು ತಾನೇ? ಬತ್ತೀನಿ ಅನ್ನಕ್ಕೇನು ಇವ್ರಿಗೆ ರೋಗ?”

ನಮ್ಮ ಕಡೆ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ ಎಂಬುದು ನಿಮಗೆ ಗೊತ್ತಿರುವುದೇ. ಅಂಗಡಿಯಿಂದ ಹೊರಟರೂ ಬರ್ತೀನಿ, ಆಸ್ಪತ್ರೆಯಿಂದ ಹೊರಟರೂ ಬರ್ತೀನಿ. ಜೀವಮಾನದಲ್ಲಿ ಮತ್ತೆ ಮುಖ ನೋಡಬಾರದೆಂದು ಜಗಳವಾಡಿ ಎದ್ದವನೂ ಬಾಗಿಲಲ್ಲಿ ನಿಂತು ‘ಬರ್ತೀನಿ’ ಎಂದೇ ಚಪ್ಪಲಿ ಮೆಟ್ಟುತ್ತಾನೆ.

“ನೀನೇನ್ಲಾ ಮಾದೇವ ಇವ್ರಿಗೆ ಏಳಕ್ಕೆ ಬಂದಿರೋದು? ಅದೇನಾ?” ಅಕ್ಕನ ದನಿ ತಗ್ಗಿತು.

“ಅದೇ.”

“ಮದ್ವೆ ಮುಂದಿಟ್ಕಂಡು ಓದೆ ಅಂತ ಬಾಯ್ಬುಟ್ಟೆ ಅಂದ್ರೆ, ಅಲ್ಲೇ ಬಾಯಿಗೆ ಮಣ್ಣಾಕ್ತೀನಿ ನೋಡು.”

ನಾನು ದೇವರು, ಶಕುನ, ದೃಷ್ಟಿ ಯಾವುದನ್ನೂ ನಂಬುವವನಲ್ಲ. ಅದು ಬರಿಯ ಶಬ್ದ, ಗಾಳಿಯ ಕಂಪನ, ಎಂದು ಅಕ್ಕನಿಗೆ ವಿವರಿಸಿದೆ. ವಿವರಿಸುತ್ತಿರುವಾಗಲೇ, ಇಡೀ ಒಂಬತ್ತು ವರ್ಷದಲ್ಲಿ ಆ ಶಬ್ದವನ್ನು ನಾನು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿದ್ದೇನೆಯೇ ಎಂದು ಯೋಚಿಸಿದೆ. ಒಂದು ಸಲವೂ ನೆನಪಾಗಲಿಲ್ಲ.

ಕಸುಂಗು, ಬಂದ ದಿನ

ಅಂಗಳಕ್ಕೆ ಕಾಲಿಟ್ಟ ಕೂಡಲೇ ನೆರೆಯ ಹೆಂಗಸರು ಬಂದು ಅಕ್ಕನ ಮುಂದೆ ಮಂಡಿಯೂರಿದರು. ಹಿರಿಯರಿಗೆ ಗೌರವ ಕೊಡುವ ಕ್ರಮ ಅದು. ಅಕ್ಕ ಗಾಬರಿಯಾಗಿ ತಾನೂ ಕುಕ್ಕರುಗಾಲಿನಲ್ಲಿ ಕೂತು, “ಏನ್ ಬಿದ್ದೋಯ್ತವ್ವಾ, ವಾಲೆಯಾ?” ಎಂದು ನೆಲದ ಮಣ್ಣು ಕೆದಕತೊಡಗಿದಳು. ಇವರು ಇನ್ನೂ ಬಗ್ಗಿದರು. ಅಕ್ಕ ಇನ್ನೂ ಕೆದಕಿದಳು. ಬಿಡಿಸುವಷ್ಟರಲ್ಲಿ ಸಣ್ಣದೊಂದು ಗುಂಡಿಯೇ ಆಗಿತ್ತು.

ಫಿರಿಯವರು ನನ್ನನ್ನು ಅಪ್ಪಿಕೊಂಡರು. ಅವರದು ಸೈಕಲ್ ರಿಪೇರಿ ಅಂಗಡಿ, ಬಾಚಿಹಲ್ಲು, ಗಡಸು ದನಿ. ನಾನು ಹೆಸರು ಹೇಳಿ ಪರಿಚಯಿಸುತ್ತಲೂ ಅಕ್ಕ, “ಪಿರಿಯಾ? ಪಿರಿಯಾಪಟ್ಣದೋರಾ?” ಎಂದಳು. ತಾನು ಅದೇ ತಾಲ್ಲೂಕಿನವಳು ಎಂಬ ಹೆಮ್ಮೆಯಿಂದ ಅವರನ್ನು ಅಂದಿನಿಂದ ‘ಪಿರಿಯಣ್ಣ’ ಎಂದೇ ಕರೆದಳು. ಅವರು ಅದನ್ನು ಯಾವುದೋ ಬಿರುದೆಂದು ಸ್ವೀಕರಿಸಿದರು.

ಹಿಂದಿನ ಮನೆ ನನ್ನದು. ಒಂದು ಕೋಣೆ, ಒಂದು ಅಡಿಗೆಮನೆ, ತಗಡಿನ ಮಾಡು. ನಿಜವಾಗಿಯೂ ಗುಡಿಸಿತ್ತು. ಹಾಸಿಗೆಯ ಮೇಲೆ ಒಗೆದ ಹೊದಿಕೆ. ನಾನು ಮಾತಿಗೆ ಶುರುಮಾಡಿದೆ: ಹೋದ ವರ್ಷ, ಅಂಗಳದ ಮಾವಿನ ಮರದ ಕೆಳಗೆ ನಿಂತು ನಿಮ್ಮ ಕೈಹಿಡಿದು, ಚೆನ್ನಾಗಿರಿ, ನಾನಿನ್ನು ಬರುವುದಿಲ್ಲ ಎಂದಿದ್ದೆನಲ್ಲ?

“ಯಾವ ಮಾವಿನ ಮರ?” ಅಂದರು ಫಿರಿ.

ಹೊರಗೆ ಬಂದು ನೋಡಿದೆ. ಪಪ್ಪಾಯಿ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಒಂಬತ್ತು ವರ್ಷ ಎದುರಿಗಿದ್ದ ಪಪ್ಪಾಯಿಯನ್ನು ಮಾವು ಎಂದು ನೆನಪಿಟ್ಟುಕೊಂಡಿದ್ದೆ! ಎಷ್ಟು ಸ್ಪಷ್ಟವಾದ ಚಿತ್ರವಾಗಿತ್ತು ಅದು: ನೆರಳು, ಫಿರಿಯವರ ಕೈ, ನನ್ನ ಗಂಭೀರ ದನಿ. ಮರವೇ ಬೇರೆಯಾದ ಮೇಲೆ ಮಾತು ಅದೇ ಇದ್ದೀತೆಂದು ಹೇಗೆ ನಂಬಲಿ? ಇನ್ನೊಬ್ಬರು ಹೇಳಿದ್ದನ್ನೆಲ್ಲ ಅನುಮಾನಿಸುತ್ತ ಬದುಕಿದವನು ನಾನು. ಅನುಮಾನಿಸಬೇಕಾದವನು ಒಳಗೇ ಕೂತಿದ್ದ.

“ನೀನು ಅಂದದ್ದು ‘ನ್ಡಿಬ್ವೇರ’,” ಅಂದರು ಫಿರಿ. ‘ಬರ್ತೀನಿ’ ಎಂದರ್ಥ. ನೆರೆಯವರನ್ನು ಕರೆದು ಕೇಳಿದರು. ಎಲ್ಲರೂ ಹೂಂ, ಬರ್ತೀನಿ ಅಂದದ್ದು ಕೇಳಿದ್ದೇವೆ ಅಂದರು. ನನಗೆ ಅರ್ಥವಾಯಿತು. ಕಟ್ಟೆಮಳಲವಾಡಿಯ ಬಾಗಿಲಲ್ಲಿ ನಿಂತು ಆಡುವ ಮಾತನ್ನು ಹಾಗೆಯೇ ಚಿಚೇವ ಭಾಷೆಗೆ ತಿರುಗಿಸಿ, ಕೈಬೀಸಿ ಹೊರಟುಬಂದಿದ್ದೆ. ನಾವು ಉಪಚಾರಕ್ಕೆ ಆಡುವುದನ್ನು ಇವರು ಭಾಷೆ ಕೊಟ್ಟದ್ದೆಂದು ಇಟ್ಟುಕೊಂಡಿದ್ದರು.

ನನ್ನ ಬಳಿಯೇ ಉಳಿದಿದ್ದ ಬೀಗದ ಕೈ ತೆಗೆದು ಮುಂದೆ ಹಿಡಿದೆ. ಫಿರಿ ಮುಟ್ಟಲಿಲ್ಲ. ಕಬ್ಬಿಣ ಹಿಂದಿರುಗಿಸಿದರೆ ಮಾತು ಹಿಂದಿರುಗಿದಂತಲ್ಲ. ಯಾವ ಜನರ ಮುಂದೆ ಬರ್ತೀನಿ ಅಂದೆಯೋ ಅವರ ಮುಂದೆಯೇ ‘ಹೋದೆ’ ಅನ್ನಬೇಕು, ಆಗ ಮನೆ ಬಿಟ್ಟಂತೆ ಎಂದರು. ಅಲ್ಲಿಯವರೆಗೆ ಅವರು ಅದನ್ನು ಮಗಳಿಗೂ ಕೊಡುವಂತಿರಲಿಲ್ಲ.

ಆಗಲೇ ನನಗೆ ಮಗಳು ಚಿಸೋಮೋಳ ವಿಷಯ ತಿಳಿದದ್ದು. ಮದುವೆಯಾಗಿ ವರ್ಷವಾಗುತ್ತ ಬಂದಿತ್ತು. ಅಲ್ಲಿ ಗಂಡನೇ ಹೆಂಡತಿಯ ಮನೆಗೆ ಬಂದಿರುವುದು ರೂಢಿ. ಆದರೆ ಅವರಿಗೆಂದಿದ್ದ ಹಿಂದಿನ ಮನೆಯಲ್ಲಿ ನಾನಿದ್ದೆ, ಅಂದರೆ ನನ್ನ ‘ಬರ್ತೀನಿ’ ಇತ್ತು. ಹೀಗಾಗಿ ಅವಳೇ ಹೋಗಿ ಪೇಟೆಯಾಚೆ ಗಂಡನ ಅಣ್ಣನ ಮನೆಯ ಮೂಲೆಯಲ್ಲಿ ಇದ್ದಳು. ಈಗ ತುಂಬು ಬಸುರಿ.

“ಏನಂತ್ಲಾ ಪಿರಿಯಣ್ಣಂದು?” ಅಕ್ಕ ಕೇಳಿದಳು.

“ಊಟ ಮಾಡ್ಕೊಂಡು ಹೋಗಿ ಅಂತಿದ್ದಾರೆ,” ಎಂದು ಅನುವಾದಿಸಿದೆ.

ಪೇಟೆ

ಮರುದಿನ ಪೇಟೆಯಲ್ಲಿ ಪರಿಚಯದವರಿಂದ ಬೀಳ್ಕೊಳ್ಳಲು ಹೊರಟೆ. ಟೊಮೆಟೊ ಮಾರುವ ಹೆಂಗಸಿಗೆ ‘ಚೆನ್ನಾಗಿರಿ’ ಎಂಬ ಮಾತನ್ನು ಶುದ್ಧವಾಗಿ ಹೇಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಅಕ್ಕ ಪಕ್ಕೆಗೆ ತಿವಿದು, “ಬತ್ತೀನಿ ಅನ್ಲಾ, ಮೂದೇವಿ ತರ ನಿಂತವ್ನೆ” ಅಂದಳು. ಬಾಯಿ ತಾನೇ ತಾನಾಗಿ ‘ನ್ಡಿಬ್ವೇರ’ ಅಂದುಬಿಟ್ಟಿತು. ಅದರ ಮರುದಿನ ಆ ದಾರಿಯಲ್ಲಿ ಹೋದರೆ ಆಕೆ ಕುಂಬಳದ ಚಿಗುರೆಲೆಯ ಕಟ್ಟೊಂದನ್ನು ನೆನೆಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ಕಾಯುತ್ತಿದ್ದಳು. ನಿನ್ನೆಯೇ ಬರುತ್ತೇನೆಂದು ಬರಲಿಲ್ಲವೇಕೆ ಎಂದು ನಾಲ್ಕು ಜನರ ಮುಂದೆ ತರಾಟೆಗೆ ತೆಗೆದುಕೊಂಡಳು. ಕ್ಷೌರದವನದೂ ಇದೇ ಕತೆ. ಎರಡು ದಿನ ಬೀಳ್ಕೊಂಡ ಮೇಲೆ, ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಜನ ನನ್ನನ್ನು ಎದುರುನೋಡುತ್ತಿದ್ದರು.

ಇನ್ನೊಂದು ತೊಡಕು. ಬಂದ ಅತಿಥಿಯನ್ನು ಸ್ವಲ್ಪ ದೂರ ಜೊತೆಯಲ್ಲಿ ನಡೆದು ಬಿಟ್ಟುಬರುವುದು ಅಲ್ಲಿಯ ಮರ್ಯಾದೆ. ಹಳೆಯ ಪರಿಚಯದ ಅಜ್ಜಿಯೊಬ್ಬಳು ನಮ್ಮನ್ನು ಬಿಡಲು ಬಂದಳು. ಅಕ್ಕ, “ಪಾಪ, ವಯಸ್ಸಾದೋರು, ಒಬ್ರೇ ಎಂಗೋದಾರು” ಎಂದು ಅವಳನ್ನು ಬಿಡಲು ಅವಳ ಮನೆಯವರೆಗೆ ವಾಪಸ್ ಹೊರಟಳು. ಅಲ್ಲಿ ತಲುಪಿದ ಮೇಲೆ ನಾವು ಮತ್ತೆ ಅತಿಥಿಗಳು. ಅಜ್ಜಿ ಮತ್ತೆ ಕೋಲು ಹಿಡಿದಳು. ಬೀದಿಯ ನಾಯಿಯೊಂದು ನಮ್ಮ ಹಿಂದೆ ಅಷ್ಟೂ ಸಲ ಬಂದು ಕೊನೆಗೆ ಬೇಸತ್ತು ಮಲಗಿತು.

ಆ ಸಂಜೆ ಸವಿತಾ ಫೋನು ಮಾಡಿದಳು. “ಹೇಳಿದ್ರಾ?”

“ಹೇಳ್ತಾ ಇದ್ದೀನಿ.”

“ಏನು, ಕಂತಿನಲ್ಲಾ?” ಆಮೇಲೆ ನೇರವಾಗಿ ಕೇಳಿದಳು, “ನಿಮಗೆ ಬರೋ ಮನಸ್ಸಿದೆಯಾ ಇಲ್ವಾ?”

ಇದೆ ಎಂದೆ. ಅದರಲ್ಲಿ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಬೇರೆ ಕಡೆ. ಆ ಮಾತನ್ನು ಅಕ್ಕ ತಡೆಯುತ್ತಿದ್ದಾಳೆ ಎಂಬುದು ಎಷ್ಟು ನಿಜ? ಎಂದಾದರೂ ಇನ್ನೊಮ್ಮೆ ಬರಬಹುದಾದ ಒಂದು ಬಾಗಿಲನ್ನು ತೆರೆದಿಟ್ಟುಕೊಳ್ಳಲು ನಾನೇ ಅಕ್ಕನ ಶಕುನದ ಹಿಂದೆ ಅಡಗಿದ್ದೆನೇ? ಶಕುನ ನಂಬದವನಿಗೆ ಶಕುನ ಎಷ್ಟು ಉಪಕಾರಿ!

ಫಿರಿಯವರ ಅಂಗಳ

ಹೊರಡುವ ದಿನ ಫಿರಿ ಕೋಳಿ ಕೊಯ್ದರು. ಬಿಳಿ ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ಅಲ್ಲಿಯವರ ಮುಖ್ಯ ಊಟ. ಅಕ್ಕ ಅದನ್ನು ಮೊದಲ ದಿನ ‘ಬೆಳ್ಳಗಾದ ರಾಗಿಮುದ್ದೆ, ಕಾಯ್ಲೆ ಬಿದ್ದಂಗದೆ’ ಎಂದು ಕನಿಕರಿಸಿದ್ದಳು. ಆದರೆ ಈಗ ಎರಡು ಉಂಡಳು. ನೆರೆಯವರು ಸುತ್ತ ಕೂತರು. ಚಿಸೋಮೋ ಬಂದು ಕಂಬಕ್ಕೆ ಒರಗಿ, ಸೊಂಟಕ್ಕೆ ಕೈಕೊಟ್ಟು ನಿಂತಳು. ಯಾರೋ ಮಣೆ ಕೊಟ್ಟರೂ ಕೂರಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಳು.

“ಹೇಳು ತಮ್ಮ,” ಅಂದರು ಫಿರಿ.

ಎದ್ದು ನಿಂತೆ. “ತಪಿತಾ,” ಅಂದೆ. ಅಂದರೆ ‘ನಾವು ಹೋದೆವು’.

ಫಿರಿ ತಲೆಯಾಡಿಸಿದರು. “ಅಕ್ಕ ಬಂದದ್ದೇ ಮೊನ್ನೆ. ಆಕೆ ಹೋಗುವುದಕ್ಕೇನಿದೆ? ಬಹುವಚನದ ಹಿಂದೆ ಬಚ್ಚಿಟ್ಟುಕೊಳ್ಳಬೇಡ.”

ಎಲ್ಲರೂ ನಕ್ಕರು. ಅಕ್ಕನಿಗೆ ಅನುಮಾನ ಬಂತು. “ಏನ್ಲಾ ಅಂದೆ? ಓದೆ ಅಂದ್ಯಾ?” ಎಂದು ನನ್ನ ತೋಳು ಹಿಡಿದೆಳೆದು, ಫಿರಿಯವರ ಕಡೆ ತಿರುಗಿ ಕನ್ನಡದಲ್ಲೇ ಗದರಿದಳು. “ಪಿರಿಯಣ್ಣ, ನೀವು ದೊಡ್ಡೋರು. ಮದ್ವೆ ಗಂಡ್ನ ಬಾಯಲ್ಲಿ ಅಂತ ಮಾತು ಆಡಿಸ್ಬೋದಾ? ನಿಮ್ಗೆ ಎಣ್ಮಕ್ಳಿಲ್ವಾ?”

ಫಿರಿ ಚಿಚೇವದಲ್ಲಿ ಉತ್ತರಿಸಿದರು. ಒಬ್ಬ ಹೆಣ್ಣುಮಗಳು ಇದ್ದಾಳೆ, ಅವಳ ಸಲುವಾಗಿಯೇ ಕೇಳುತ್ತಿರುವುದು ಎಂದು. ಪ್ರಶ್ನೆಗೆ ಸರಿಯಾದ ಉತ್ತರವೇ ಆಗಿತ್ತು. ಇಬ್ಬರಿಗೂ ಅದು ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬ.

“ಏನಂದ್ರು? ಊಟ ಮಾಡ್ಕಂಡೋಗಿ ಅಂತ ಮತ್ತೆ ಅಂದೀಯೆ, ಜೋಕೆ. ಊಟ ಆಗದೆ. ನಿಜ ಏಳು.”

ಹೇಳಿದೆ. ಗುಡಿಸಿಟ್ಟ ಮನೆ ಯಾರಿಗೆ ಸೇರಬೇಕಾದದ್ದು, ಈ ಹುಡುಗಿ ಎಲ್ಲಿ ಮಲಗುತ್ತಿದ್ದಾಳೆ, ಯಾಕೆ. ಅಕ್ಕ ಕೇಳಿಸಿಕೊಂಡು ಚಿಸೋಮೋಳ ಹೊಟ್ಟೆಯನ್ನು ನೋಡಿದಳು, ಆಮೇಲೆ ನನ್ನನ್ನು.

“ಅಲ್ಲ ಕಣ್ಲಾ, ಬಸುರಿ ಎಂಗ್ಸು ತವರಿನ ಬಾಗ್ಲಲ್ಲಿ ನಿಂತವ್ಳೆ, ನಿನ್ ಬತ್ತೀನಿ ಅಡ್ಡ ಮಲಗದೆ! ಮೂರು ದಿನದಿಂದ ಬಾಯ್ ಮುಚ್ಕಂಡು ಪ್ಯಾಟೆ ಸುತ್ತಿಸಿದ್ಯಲ್ಲೋ ನನ್ನ. ಏಳ್ಲಾ ಮೊದ್ಲು.”

“ನೀನೇ ಮಣ್ಣು ಹಾಕ್ತೀನಿ ಅಂದೆಯಲ್ಲಕ್ಕ?”

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಇಂಗ್ ಮಾಡು. ನೀನು ಅವ್ರ ಬಾಸೇಲಿ ಓದೆ ಅನ್ನು. ನಾನು ಅದೇ ಏಟ್ಗೆ ನಮ್ ಬಾಸೇಲಿ ಬತ್ತಾನೆ ಅಂತೀನಿ. ದೇವ್ರು ಯಾವ್ದು ಬೇಕೋ ಅದ ತಗಳ್ಲಿ.”

ಇನ್ನು ನನಗೆ ಅಡಗಲು ಜಾಗವಿರಲಿಲ್ಲ. ಅಕ್ಕನೂ ಇರಲಿಲ್ಲ, ಶಕುನವೂ ಇರಲಿಲ್ಲ, ಬಹುವಚನವೂ ಇರಲಿಲ್ಲ. ಗಾಳಿಯ ಕಂಪನ, ಅಷ್ಟೇ, ಎಂದುಕೊಂಡೆ. ಚಿಸೋಮೋ ಕಾಲು ಬದಲಿಸಿ ನಿಂತಳು.

“ನ್ಡಪಿತಾ,” ಅಂದೆ.

“ಬತ್ತಾನೆ!” ಎಂದು ಅಕ್ಕ ಆಕಾಶಕ್ಕೆ ಕೇಳುವಂತೆ ಕೂಗಿದಳು.

ಜನ ಚಪ್ಪಾಳೆ ತಟ್ಟಿದರು. ಯಾವ ಮಾತಿಗೆಂದು ಕೇಳಲು ನಾನು ಹೋಗಲಿಲ್ಲ. ಫಿರಿ ಬೀಗದ ಕೈಯನ್ನು ಈಗ ತೆಗೆದುಕೊಂಡು, ನೋಡದೆಯೇ ಮಗಳ ಕೈಗೆ ದಾಟಿಸಿದರು. ಅವಳು ನನಗೆ ಮಂಡಿಯೂರಲು ಹೋದಳು. ಅಕ್ಕ ಹಾರಿ ಹೋಗಿ, “ಬ್ಯಾಡ ಬ್ಯಾಡ ಕಣವ್ವ, ಆಮೇಲ್ ಏಳಕ್ಕಾಗಕ್ಕಿಲ್ಲ” ಎಂದು ಭುಜ ಹಿಡಿದು ನಿಲ್ಲಿಸಿದಳು.

ನನಗೆ ಎದೆಯಲ್ಲಿ ಏನೋ ಖಾಲಿಯಾದಂತಾಯಿತು. ಹಗುರವೆಂದೂ ಹೇಳಬಹುದು. ಎರಡರಲ್ಲಿ ಯಾವುದು ಎಂದು ಈಗ ಬರೆಯುವಾಗ ಖಚಿತವಾಗಿ ಹೇಳಲಾರೆ.

ಹೆದ್ದಾರಿಗೆ ಹೋಗುವ ದಾರಿ

ಫಿರಿ ನಮ್ಮನ್ನು ಬಿಡಲು ಕವಲುದಾರಿಯವರೆಗೆ ಬಂದರು. ಅಕ್ಕ ಅವರನ್ನು ವಾಪಸ್ ಬಿಟ್ಟುಬರಲು ಹೊರಡದಂತೆ ನಾನು ಅವಳ ಸೆರಗು ಹಿಡಿದುಕೊಂಡೇ ನಿಂತಿದ್ದೆ. ಫಿರಿ “ಚೆನ್ನಾಗಿ ಹೋಗು” ಅಂದು, ತಿರುಗಿ ನೋಡದೆ ಹೋದರು.

ಅಲ್ಲಿಂದ ಹೆದ್ದಾರಿಗೆ ಕೆಂಪು ಮಣ್ಣಿನ ರಸ್ತೆ. ಎದುರಿನಿಂದ ಒಬ್ಬ ಯುವಕ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಹಿಂದಿನ ಕ್ಯಾರಿಯರಿನಲ್ಲಿ ಸುರುಳಿ ಸುತ್ತಿದ ದೊಡ್ಡ ಹಾಸಿಗೆ, ಹ್ಯಾಂಡಲ್ಲಿಗೆ ಎರಡು ಪಾತ್ರೆ, ಕುತ್ತಿಗೆಗೆ ನೇತುಹಾಕಿಕೊಂಡ ಒಂದು ಕುರ್ಚಿ. ಚಿಸೋಮೋಳ ಗಂಡ. ನಾನು ಮಾತು ಹೇಳುವೆನೋ ಇಲ್ಲವೋ ಎಂದು ಕಾಯದೆ ಮೊದಲೇ ಹೊರಟುಬಂದಿದ್ದ. ನಂಬಿಕೆ ಎಂದರೆ ಹೀಗಿರಬೇಕು.

“ನೋಡ್ಲಾ, ನಿನ್ ತರದ್ದೇ ಇನ್ನೊಂದು ಮನೆಯಳಿಯ!” ಎಂದು ಅಕ್ಕ ಕಿಸಕ್ಕನೆ ನಕ್ಕು, ಜಾರುತ್ತಿದ್ದ ಹಾಸಿಗೆಗೆ ಹೆಗಲು ಕೊಟ್ಟು ಹಗ್ಗ ಬಿಗಿದಳು. “ಅಡ್ಡಡ್ಡ ತಳ್ಬೇಡ ಕಣಪ್ಪ, ಬಾಗ್ಲು ಚಿಕ್ಕದು, ನಿಲ್ಲಿಸ್ಕಂಡ್ ತಗಂಡೋಗು.”

ಅವನು ಕುರ್ಚಿಯ ಕಾಲುಗಳ ನಡುವಿನಿಂದ ಮುಖ ಹೊರಹಾಕಿ ನನ್ನನ್ನು ಕೇಳಿದ, “ಮಳೆಗಾಲದಲ್ಲಿ ಮಾಡು ಸೋರುತ್ತದೆಯೇ?”

“ಸೋರುತ್ತೆ. ಎಡ ಮೂಲೆಯಲ್ಲಿ. ಹಾಸಿಗೆಯನ್ನು ಬಲಗಡೆ ಗೋಡೆಗೆ ಹಾಕಿ,” ಅಂದೆ. ಮಳೆಯಲ್ಲಿ ಎಷ್ಟೋ ಸಲ ಎದ್ದು ಪಾತ್ರೆ ಇಟ್ಟವನು ನಾನೇ. ಆದರೂ ಅಂದ ಮೇಲೆ ಅನುಮಾನ ಬಂತು. “ತಡೆಯಿರಿ. ಬಾಗಿಲಿಗೆ ಮುಖ ಮಾಡಿದರೆ ಎಡವೋ, ಬೆನ್ನು ಮಾಡಿದರೆ ಎಡವೋ... ಬಲವೇ ಇರಬೇಕು. ಬೇಕಾದರೆ ನಾನೇ ಬಂದು ಒಂದು ಸಲ ನೋಡಿ...”

“ಬೇಡ ಬೇಡ,” ಎಂದು ಅವನು ನಕ್ಕು ಸೈಕಲ್ ಮುಂದಕ್ಕೆ ತಳ್ಳಿದ. “ನೀವು ಹೊರಡಿ. ಮಳೆ ಬಂದಾಗ ನಾವೇ ನೋಡಿಕೊಳ್ಳುತ್ತೇವೆ.”